ಮನೆಯಂಗಳದಲ್ಲಿ ಕೀಟಭಕ್ಷಕ ಸಸ್ಯಗಳು

ಸಸ್ಯವನ್ನು ಪ್ರಾಣಿಯು ತಿನ್ನುವುದು ಲೋಕರೂಢಿ. ಪ್ರಾಣಿಯನ್ನು ಸಸ್ಯವು ತಿನ್ನುವುದೆಂದರೆ ಕೇಳಿದವರಿಗೆ ಕಟ್ಟುಕಥೆಯೆಂದೇ ತೋರುವುದು. ಆದರೆ ಅಂತಹ ಸಸ್ಯಗಳು ಉಂಟು. ದೂರದ ದ್ವೀಪಾಂತರಗಳಲ್ಲಿ ಮಾತ್ರವಲ್ಲ, ನಮ್ಮ ಕನ್ನಡನಾಡಿನಲ್ಲಿಯೂ ಉಂಟು. ಈಚೆಗೆ ಪಟ್ಟಣದ ಸಸ್ಯವ್ಯಾಪಾರಿಗಳು ಇವುಗಳನ್ನು ಪುಟ್ಟ ಕುಂಡಗಳಲ್ಲಿಟ್ಟು ಮಾರುತ್ತಿರುವುದರಿಂದ ಅನೇಕ ಗೃಹಸ್ಥರ ಮನೆಗೆ ಇವು ಬರುತ್ತಿವೆ. ಬಂದ ಕೆಲವು ತಿಂಗಳೊಳಗೆ ಸಾಯುತ್ತಲೂ ಇವೆ. ಸಾಯುವುದು ಅಲಕ್ಷ್ಯದಿಂದಲ್ಲ, ಬಹುಮಟ್ಟಿಗೆ ಅತಿಯಾದ ಉಪಚಾರದಿಂದ ಎಂಬುದೇ ಇಲ್ಲಿನ ವಿಶೇಷ. ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನೇ ಮೊದಲು ಹೇಳಿ, ಅದರಿಂದ ಕಲಿತ ಪಾಠವನ್ನು ವಾಚಕರ ಮುಂದಿಡುವೆನು.

ನಮ್ಮೂರು ಹೊಸದುರ್ಗ ತಾಲ್ಲೂಕಿನ ಮತ್ತೋಡು. ಒಂದು ದೀಪಾವಳಿಯಲ್ಲಿ ತಮ್ಮನ ಮಗಳು ಬೆಂಗಳೂರಿನಿಂದ ಬರುವಾಗ ಅಂಗೈಯಗಲದ ಒಂದು ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅದರಲ್ಲಿದ್ದುದು ಅಮೆರಿಕ ದೇಶದ ವೀನಸ್ ನೊಣಬಲೆ. ಪುಸ್ತಕವನ್ನು ತೆರೆದಿಟ್ಟಂತೆ ಎರಡು ಹೋಳಾದ ಎಲೆ, ಅಂಚಿನಲ್ಲಿ ರೆಪ್ಪೆಯ ಕೂದಲಿನಂತಹ ಮುಳ್ಳುಗಳು. ನಮ್ಮ ತಾಯಿಯವರು ಅದರ ಸ್ವಭಾವವನ್ನು ಕೇಳಿ ತಿಳಿದ ಕೂಡಲೆ, "ಏನಪ್ಪಾ ಇದು, ಸಸ್ಯಾಹಾರಿಗಳ ಮನೆಯಲ್ಲಿ ಮಾಂಸ ತಿನ್ನುವ ಗಿಡವೆ? ತುಳಸೀಕಟ್ಟೆಯ ಹತ್ತಿರ ಮಾತ್ರ ಇಡಬೇಡಿ" ಎಂದರು. ಹುಡುಗಿಯು ಕುಂಡವನ್ನು ಹಿತ್ತಿಲ ಜಗುಲಿಯ ಮೇಲಿಟ್ಟು, ರಜೆ ಮುಗಿಸಿ ಹೊರಡುವಾಗ, ದಿನವೂ ತಪ್ಪದೆ ನೀರು ಹಾಕಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು.

ಮಾತನ್ನು ನಾನು ನಡೆಸಿದೆನು. ನಮ್ಮ ಬಾವಿಯ ನೀರನ್ನೇ ಪ್ರತಿದಿನವೂ ಹಾಕಿದೆನು. ಕೇರಿಯ ಮಕ್ಕಳು ಬಂದು ಕಡ್ಡಿಯಿಂದ ಎಲೆಯನ್ನು ಮುಟ್ಟಿ, ಅದು ಬಾಯಿ ಮುಚ್ಚುವ ಚಮತ್ಕಾರವನ್ನು ನೋಡಿ ಹೋಗುತ್ತಿದ್ದರು. ಗಿಡವು ಸೊರಗಿದಂತೆ ಕಂಡಾಗ ಒಂದು ಹಿಡಿ ಕೊಟ್ಟಿಗೆಗೊಬ್ಬರವನ್ನೂ ಹಾಕಿದೆನು. ಸಂಕ್ರಾಂತಿಯ ಹೊತ್ತಿಗೆ ಎಲೆಗಳೆಲ್ಲ ಕಪ್ಪಾಗಿ, ಕುಂಡದ ಅಂಚಿನಲ್ಲಿ ಬೆಳ್ಳಗೆ ಉಪ್ಪಿನ ಪೊರೆ ಕಟ್ಟಿತ್ತು. ಹಬ್ಬಕ್ಕೆ ಬಂದ ಹುಡುಗಿ ಅದನ್ನು ನೋಡಿ ಅಳಲಿಲ್ಲ. "ದೊಡ್ಡಪ್ಪ, ದಿನವೂ ನೀರು ಹಾಕಿದಿರಲ್ಲವೆ? ಮತ್ತೆ ಯಾಕೆ ಸತ್ತಿತು?" ಎಂದಳು. ನನಗೆ ಉತ್ತರ ತಿಳಿಯಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದುದರ ಫಲವೇ ಈ ಲೇಖನ.

ಸೌಳು ನೆಲದ ಕಥೆ

ಉತ್ತರವು ನಮ್ಮೂರಿನ ಮಣ್ಣಿನಲ್ಲಿಯೇ ಇದ್ದಿತು. ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾದ ಊರು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಯ ಗಾಜಿನ ಕೆಲಸವನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಆ ಗಾಜು ಒರಟು, ಬೆಳಕು ಹಾಯದ್ದು, ಕಪ್ಪು, ಹಸುರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ್ದು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹಿಟ್ಟಿನಂತೆ ಉಕ್ಕುವ ಸೌಳಿನಿಂದ ಸೋಡಾ ಕ್ಷಾರವನ್ನು ತೆಗೆದು, ಬೆಣಚುಕಲ್ಲಿನ ಪುಡಿಯೊಡನೆ ಕುಲುಮೆಯಲ್ಲಿ ಕರಗಿಸಿ ಅದನ್ನು ಮಾಡುತ್ತಿದ್ದರು. ಆ ಕಸಬು ಇಂದು ಉಳಿದಿಲ್ಲ. ಆದರೆ ನೆಲದ ಕ್ಷಾರ ಎಲ್ಲಿಗೂ ಹೋಗಿಲ್ಲ. ಮುತ್ತಜ್ಜಿಯರ ಕೈಗೆ ಬಳೆ ತೊಡಿಸಿದ ಅದೇ ಉಪ್ಪು ನಮ್ಮ ಬಾವಿಯ ನೀರಿನಲ್ಲಿ ಕರಗಿದ್ದು, ದಿನಕ್ಕೊಂದು ಲೋಟದಂತೆ ಆ ಪುಟ್ಟ ಗಿಡದ ಬೇರಿಗೆ ಇಳಿದಿತ್ತು.

ಕೀಟಭಕ್ಷಕ ಸಸ್ಯಗಳಿಗೆ ಈ ಉಪ್ಪು ಏಕೆ ವಿಷವೆಂಬುದನ್ನು ತಿಳಿಯಬೇಕಾದರೆ, ಅವು ಕೀಟವನ್ನು ಏಕೆ ತಿನ್ನುವುವು ಎಂಬುದನ್ನು ಮೊದಲು ತಿಳಿಯಬೇಕು.

ಕೀಟವನ್ನು ಏಕೆ ತಿನ್ನುವುವು?

ಇವೂ ಇತರ ಹಸುರು ಗಿಡಗಳಂತೆಯೇ ಬಿಸಿಲು, ಗಾಳಿ, ನೀರುಗಳಿಂದ ತಮ್ಮ ಅನ್ನವನ್ನು ತಾವೇ ಬೇಯಿಸಿಕೊಳ್ಳುವುವು. ಆದರೆ ಇವುಗಳ ತವರು ಸದಾ ನೀರು ಜಿನುಗುವ ಬಡನೆಲ. ಮಳೆಯು ಸಾರವನ್ನೆಲ್ಲ ತೊಳೆದುಹಾಕಿದ ಹುಳಿಮಣ್ಣು. ಅಲ್ಲಿ ಸಾರಜನಕ, ರಂಜಕಗಳು ಅತ್ಯಲ್ಪ. ಈ ಕೊರತೆಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಇವು ಎಲೆಯನ್ನು ಬಲೆಯಾಗಿ ಮಾಡಿಕೊಂಡವು. ಕೀಟವು ಇವಕ್ಕೆ ಅನ್ನವಲ್ಲ, ಗೊಬ್ಬರ. ಬೇರಿನಿಂದ ದೊರೆಯದುದನ್ನು ಎಲೆಯಿಂದ ಪಡೆಯುವ ಉಪಾಯವಷ್ಟೆ. ಆದುದರಿಂದ ಈ ಬೇರುಗಳು ಬಡತನಕ್ಕೆ ಒಗ್ಗಿದವು, ಸಂಪತ್ತನ್ನು ಸಹಿಸಲಾರವು. ಗೊಬ್ಬರ ಹಾಕಿದರೆ ಸುಟ್ಟುಹೋಗುವುವು. ಕ್ಷಾರದ ನೀರು ಹಾಕಿದರೆ ಹುಳಿಮಣ್ಣಿನ ಗುಣವೇ ಕೆಟ್ಟು ಕೊಳೆಯುವುವು.

ಈ ವಿಷಯವನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದವನು ಚಾರಲ್ಸ್ ಡಾರ್ವಿನ್. ೧೮೬೦ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಜೌಗುನೆಲವೊಂದರಲ್ಲಿ ಇಬ್ಬನಿಗಿಡದ ಎಲೆಗಳಿಗೆ ಅಂಟಿಕೊಂಡಿದ್ದ ಕೀಟಗಳ ಸಂಖ್ಯೆಯನ್ನು ಕಂಡು ಬೆರಗಾದ ಆತನು, ಅನೇಕ ವರ್ಷಗಳ ಪ್ರಯೋಗಾನಂತರ ೧೮೭೫ರಲ್ಲಿ ಈ ಸಸ್ಯಗಳ ಮೇಲೆಯೇ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆತನ ಮಗ ಫ್ರಾನ್ಸಿಸ್ ಡಾರ್ವಿನ್ ೧೮೭೮ರಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯಕರವಾದುದು. ಕೆಲವು ಗಿಡಗಳಿಗೆ ಆಹಾರವನ್ನು ಕೊಟ್ಟು, ಕೆಲವಕ್ಕೆ ಕೊಡದೆ ಬೆಳೆಸಿದಾಗ ಎರಡು ಬಗೆಯವೂ ಬದುಕಿದವು; ಆದರೆ ಉಂಡ ಗಿಡಗಳು ಹೆಚ್ಚು ಹೂವನ್ನೂ ಬಹಳ ಹೆಚ್ಚು ಬೀಜವನ್ನೂ ಬಿಟ್ಟವು. ಇದನ್ನು ನಮ್ಮ ತಾಯಿಯವರಿಗೆ ಓದಿ ಹೇಳಿದಾಗ, "ಹಾಗಾದರೆ ಅದು ತನ್ನ ಹೊಟ್ಟೆಗೆ ತಿನ್ನುವುದಲ್ಲ, ಮಕ್ಕಳಿಗಾಗಿ ತಿನ್ನುವುದು ಅನ್ನು" ಎಂದರು. ಅಂದಿನಿಂದ ಅವರ ಆಕ್ಷೇಪಣೆಯು ಅರ್ಧಕ್ಕೆ ಇಳಿಯಿತು.

ನಮ್ಮ ನಾಡಿನ ಕೀಟಭಕ್ಷಕಗಳು

ಭಾರತದಲ್ಲಿ ಇಂತಹ ಸಸ್ಯಗಳ ಐದು ಕುಲಗಳಿವೆ. ಕರ್ನಾಟಕದಲ್ಲಿ ಕಾಣುವವು ಮುಖ್ಯವಾಗಿ ಎರಡು.

ಮೊದಲನೆಯದು ಡ್ರಾಸೆರ, ಎಂದರೆ ಇಬ್ಬನಿಗಿಡ. ಇದರ ಎಲೆಯ ಮೇಲೆ ಕೆಂಪು ಕೂದಲುಗಳೂ ಕೂದಲಿನ ತುದಿಯಲ್ಲಿ ಅಂಟಿನ ಹನಿಗಳೂ ಇರುತ್ತವೆ. ಹನಿಯು ಬಿಸಿಲಿಗೆ ಇಬ್ಬನಿಯಂತೆ ಹೊಳೆಯುವುದು. ಜೇನೆಂದು ಭ್ರಮಿಸಿ ಕುಳಿತ ನುಸಿಯು ಮೇಲೇಳಲಾರದು. ನಮ್ಮಲ್ಲಿ ಡ್ರಾಸೆರ ಬರ್ಮಾನಿ ಎಂಬುದು ರೂಪಾಯಿ ನಾಣ್ಯದಗಲಕ್ಕೆ ನೆಲಕ್ಕಂಟಿಕೊಂಡು ಚಕ್ರಾಕಾರವಾಗಿ ಬೆಳೆಯುವುದು. ಇದರ ಅಂಚಿನ ಕೂದಲುಗಳು ಕೆಲವೇ ಸೆಕೆಂಡುಗಳಲ್ಲಿ ಒಳಕ್ಕೆ ಬಾಗಬಲ್ಲವು. ಡ್ರಾಸೆರ ಇಂಡಿಕ ಎಂಬುದು ಗೇಣುದ್ದ ಎದ್ದು ನಿಂತು ದಾರದಂತಹ ಎಲೆಗಳನ್ನು ಚಾಚುವುದು. ಎರಡೂ ಒಂದು ವರ್ಷದೊಳಗೆ ಬೀಜಬಿಟ್ಟು ಮುಗಿಯುವ ಸಸ್ಯಗಳು.

ಎರಡನೆಯದು ಯುಟ್ರಿಕ್ಯುಲೇರಿಯ, ಎಂದರೆ ಚೀಲಗಿಡ. ಪಶ್ಚಿಮಘಟ್ಟದ ಮುರಕಲ್ಲಿನ ಬಯಲುಗಳಲ್ಲಿ ಮಳೆಗಾಲದ ಕೊನೆಗೆ ನೀಲಿಯ ಹಾಸು ಹಾಸಿದಂತೆ ಕಾಣುವ ಹೂಗಳಲ್ಲಿ ಬಹುಪಾಲು ಇದರವೇ. ಮರಾಠಿಗರು ಇದರ ಒಂದು ಜಾತಿಯನ್ನು ಸೀತೆಯ ಕಣ್ಣೀರೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಕೆರೆಹೊಂಡಗಳಲ್ಲಿ ಬೇರಿಲ್ಲದೆ ತೇಲುವ ಜಾತಿಗಳೂ ಉಂಟು. ಇದರ ಬಲೆಯು ಸಾಸಿವೆಗಿಂತ ಚಿಕ್ಕದಾದ ಚೀಲ. ಬಾಗಿಲ ಕೂದಲನ್ನು ನೀರಿನ ಹುಳು ಮುಟ್ಟಿದೊಡನೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ವೇಳೆಯಲ್ಲಿ ಅದನ್ನು ಒಳಕ್ಕೆ ಹೀರಿಬಿಡುವುದು.

ಇನ್ನು ಹೂಜಿಗಿಡವೆಂಬ ನೆಪೆಂತಿಸ್ ನಮ್ಮ ದೇಶದಲ್ಲಿ ಸಹಜವಾಗಿ ಬೆಳೆಯುವುದು ಮೇಘಾಲಯದ ಕಡೆ ಮಾತ್ರ. ಆ ಖಾಸಿ ಜಾತಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು. ಕಾಡಿನಿಂದ ಕಿತ್ತುದನ್ನು ಕೊಳ್ಳುವುದು ಅಪರಾಧ. ಅಂಗಡಿಯಲ್ಲಿ ದೊರೆಯುವ ಮಿಶ್ರತಳಿಗಳು ಬೇರೆ. ತೋಟಗಳಲ್ಲಿ ಬೆಳೆಸಿದವನ್ನು ಕೊಳ್ಳಬಹುದು.

ನೀರೇ ಮೊದಲ ಮಾತು

ಈ ಗಿಡಗಳಿಗೆ ಮಳೆಯ ನೀರೇ ಅಮೃತ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿ.ಡಿ.ಎಸ್. ಮಾಪಕವೆಂಬ ಸಣ್ಣ ಉಪಕರಣವು ಈಗ ಸುಲಭಬೆಲೆಗೆ ಸಿಕ್ಕುವುದು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ ೫೦೦ ಮಿಲಿಗ್ರಾಮಿನವರೆಗೆ ಲವಣವಿದ್ದರೆ ಭಾರತೀಯ ಮಾನಕವು ಅದನ್ನು ಒಪ್ಪುತ್ತದೆ. ಬೇರೆ ನೀರಿಲ್ಲದಿದ್ದಲ್ಲಿ ೨೦೦೦ದವರೆಗೂ ಸಮ್ಮತಿಯುಂಟು. ಈ ಗಿಡಗಳಿಗಾದರೋ ೫೦ನ್ನು ಮೀರದಿರುವುದು ಲೇಸು. ನಮಗೆ ಹಿತವಾದುದೆಲ್ಲ ಗಿಡಕ್ಕೆ ಹಿತವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು. ನಮ್ಮ ಬಾವಿಯ ನೀರಿನ ಅಂಕಿಯು ಆ ಮಿತಿಯನ್ನು ಬಹುದೂರ ದಾಟಿತ್ತು.

ನೀರನ್ನು ಕಾಯಿಸಿ ಆರಿಸಿದರೆ ಸಾಕೆಂದು ಕೆಲವರು ತಿಳಿಯುವರು. ಇದು ತಪ್ಪು. ಕುದಿಯುವಾಗ ಆವಿಯಾಗಿ ಹೋಗುವುದು ನೀರು; ಸೋಡಾ, ಉಪ್ಪುಗಳು ಪಾತ್ರೆಯಲ್ಲಿಯೇ ಉಳಿದು ನೀರು ಇನ್ನಷ್ಟು ಗಾಢವಾಗುವುದು. ಆರ್.ಓ. ಯಂತ್ರದ ನೀರನ್ನು ಮಾಪಕದಿಂದ ನೋಡಿ ಬಳಸಬಹುದು. ರುಚಿಗಾಗಿ ಲವಣವನ್ನು ಮತ್ತೆ ಸೇರಿಸುವ ಯಂತ್ರಗಳಿರುವುದರಿಂದ ಈ ಎಚ್ಚರಿಕೆ ಅವಶ್ಯಕ.

ಮಳೆ ಕಡಿಮೆಯಾದ ನಮ್ಮಂತಹ ಬಯಲುಸೀಮೆಯಲ್ಲಿ ವರ್ಷವಿಡೀ ಮಳೆನೀರು ಎಲ್ಲಿಂದ ಬರಬೇಕೆಂದು ವಾಚಕರು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ೧೦೦ ಚದರಡಿಯ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ದೊರೆಯುವ ನೀರು ಸುಮಾರು ೯೩ ಲೀಟರು. ೩೦ ಸೆಂಟಿಮೀಟರ್ ಉದ್ದ, ೨೦ ಸೆಂಟಿಮೀಟರ್ ಅಗಲದ ಒಂದು ತಟ್ಟೆಯಿಂದ ದಿನಕ್ಕೆ ಅರ್ಧ ಸೆಂಟಿಮೀಟರಿನಂತೆ ನೀರು ಆರಿದರೆ ಖರ್ಚಾಗುವುದು ೩೦೦ ಮಿಲಿಲೀಟರು. ಮಳೆಯಿಲ್ಲದ ಆರು ತಿಂಗಳಿಗೆ ಇದು ೫೪ ಲೀಟರು. ಬೇಸಿಗೆಯ ಉರಿಗೆ ಇದರ ಇಮ್ಮಡಿಯನ್ನಿಟ್ಟುಕೊಂಡರೂ ಎರಡು ಡ್ರಮ್ಮುಗಳಲ್ಲಿ ಒಂದು ತಟ್ಟೆಯ ಗಿಡಗಳು ವರ್ಷ ಕಳೆಯುವುವು. ಮೊದಲ ಮಳೆಯ ಧೂಳಿನ ನೀರನ್ನು ಬಿಟ್ಟು ಅನಂತರದ್ದನ್ನು ಹಿಡಿಯಬೇಕು. ಸುಣ್ಣ ಬಳಿದ ಅಥವಾ ಹೊಸದಾಗಿ ಸಿಮೆಂಟು ಹಾಕಿದ ತಾರಸಿಯ ನೀರು ಬೇಡ. ಡ್ರಮ್ಮಿನ ಬಾಯಿಗೆ ಒತ್ತಾದ ಬಟ್ಟೆಯನ್ನು ಬಿಗಿದು ಕಟ್ಟಬೇಕು. ಇಲ್ಲದಿದ್ದರೆ ಕೀಟಭಕ್ಷಕಕ್ಕಾಗಿ ಕೂಡಿಟ್ಟ ನೀರಿನಲ್ಲಿ ಸೊಳ್ಳೆಗಳ ಸಂತಾನ ಬೆಳೆಯುವುದು.

ಮಣ್ಣು ಮತ್ತು ಕುಂಡ

ತೋಟದ ಮಣ್ಣು, ಕೆರೆಗೋಡು, ಎರೆಗೊಬ್ಬರ ಇವು ಯಾವುವೂ ಸಲ್ಲವು. ಹೊರದೇಶಗಳಲ್ಲಿ ಪೀಟ್ ಎಂಬ ಜೌಗುಮಣ್ಣನ್ನು ಬಳಸುವರು. ತೆಂಗಿಗೆ ಹೆಸರಾದ ಹೊಸದುರ್ಗದವರಿಗೆ ತೆಂಗಿನ ನಾರಿನ ಪುಡಿಯೇ ಹತ್ತಿರದ ವಸ್ತು. ಆದರೆ ನಾರಿನ ಪುಡಿಯಲ್ಲಿಯೂ ಉಪ್ಪಿರುವುದರಿಂದ ಅದನ್ನು ಮಳೆನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲಬೇಕು. ಹೀಗೆ ನಾಲ್ಕಾರು ಸಲ ಮಾಡಿ, ಹಿಂಡಿದ ನೀರನ್ನು ಮಾಪಕದಿಂದ ನೋಡಿ ಅಂಕಿ ಇಳಿದ ಮೇಲೆಯೇ ಬಳಸಬೇಕು. ಎರಡು ಪಾಲು ಪುಡಿಗೆ ಒಂದು ಪಾಲು ತೊಳೆದ ಬೆಣಚುಮರಳನ್ನು ಕೂಡಿಸಿದರೆ ಸಾಕು. ಮರಳಿನಲ್ಲಿ ಸುಣ್ಣವಿದೆಯೆ ಎಂದು ತಿಳಿಯಲು ಒಂದು ಚಿಟಿಕೆ ಮರಳಿನ ಮೇಲೆ ನಿಂಬೆಯ ರಸವನ್ನು ಹಿಂಡಿ ನೋಡಿ. ನೊರೆಗುಳ್ಳೆಯೆದ್ದರೆ ಆ ಮರಳು ಬೇಡ.

ಮಣ್ಣಿನ ಕುಂಡದ ಮೈಯಲ್ಲಿ ಉಪ್ಪು ಕೂಡುವುದರಿಂದ ಪ್ಲಾಸ್ಟಿಕ್ಕಿನ ಅಥವಾ ಮೆರುಗೆಣ್ಣೆ ಸುಟ್ಟ ಪಿಂಗಾಣಿಯ ಕುಂಡವೇ ಮೇಲು. ತಳದಲ್ಲಿ ತೂತಿರಬೇಕು. ಕುಂಡವನ್ನು ತಟ್ಟೆಯಲ್ಲಿಟ್ಟು ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ಸದಾ ನಿಂತಿರುವಂತೆ ನೋಡಿಕೊಂಡರೆ ಇಬ್ಬನಿಗಿಡಕ್ಕೂ ನೊಣಬಲೆಗೂ ಸಾಕು. ಮೇಲಿನಿಂದ ಸುರಿದರೆ ಎಲೆಯ ಅಂಟು ತೊಳೆದುಹೋಗುವುದು. ಹೂಜಿಗಿಡದ ಬೇರಿಗೆ ಮಾತ್ರ ನೀರು ನಿಲ್ಲಕೂಡದು. ಅದಕ್ಕೆ ತೆಂಗಿನ ನಾರಿನ ತುಂಡು, ಇದ್ದಿಲ ಚೂರುಗಳಂತಹ ಸಡಿಲವಾದ ಆಧಾರವನ್ನು ಕೊಟ್ಟು, ನೆರಳುಗೂಡಿದ ಬೆಳಕಿನಲ್ಲಿ ತೂಗುಹಾಕಬೇಕು. ಗಾಳಿಯಲ್ಲಿ ತೇವವಿಲ್ಲದಿದ್ದರೆ ಅದು ಎಲೆ ಬಿಡುವುದು, ಹೂಜಿ ಬಿಡದು.

ಇಬ್ಬನಿಗಿಡವನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂಬ ಮೋಹ ಅನೇಕರಿಗುಂಟು. ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಮುಚ್ಚಿದ ಗಾಜಿನ ಸೀಸೆಯಲ್ಲಿ ಗಿಡವು ತನ್ನ ಉಸಿರಿನ ತೇವದಿಂದಲೇ ಬದುಕುವುದನ್ನು ಕಂಡು, ೧೮೩೩ರಲ್ಲಿ ಅಂತಹ ಪೆಟ್ಟಿಗೆಗಳಲ್ಲಿ ಗಿಡಗಳನ್ನು ಸಮುದ್ರದಾಚೆ ಸಿಡ್ನಿಗೆ ಜೀವಂತವಾಗಿ ಕಳುಹಿಸಿದನು. ಮಂಜಿನ ಲಂಡನ್ನಿಗೆ ಅದು ಸರಿ. ನಮ್ಮ ಬಿಸಿಲಿನಲ್ಲಿ ಮುಚ್ಚಿದ ಗಾಜು ಒಲೆಯಾಗಿ ಗಿಡವು ಬೆಂದುಹೋಗುವುದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮೂಡಣ ಜಗುಲಿಯೇ ಇಲ್ಲಿ ಉತ್ತಮ ಸ್ಥಳ.

ಆಹಾರದ ವಿಚಾರ

ಅಂಗಳದಲ್ಲಿಟ್ಟ ಗಿಡಕ್ಕೆ ನಾವು ಉಣಿಸಬೇಕಾದುದೇನೂ ಇಲ್ಲ. ತನಗೆ ಬೇಕಾದ ನುಸಿ ಇರುವೆಗಳನ್ನು ತಾನೇ ಹಿಡಿಯುವುದು. ಹಾಲು, ಮೊಸರು, ಮಾಂಸದ ಚೂರುಗಳನ್ನಿಟ್ಟರೆ ಎಲೆಯು ಕೊಳೆಯುವುದು. ನೊಣಬಲೆಯ ಪ್ರತಿ ಎಲೆಗೂ ಆಯುಸ್ಸು ಮಿತವಾದುದು. ಎಲೆಯೊಳಗಿನ ಸೂಕ್ಷ್ಮವಾದ ಕೂದಲನ್ನು ಸುಮಾರು ೨೦ ಸೆಕೆಂಡುಗಳೊಳಗೆ ಎರಡು ಸಲ ಮುಟ್ಟಿದರೆ ಮಾತ್ರ ಅದು ಮುಚ್ಚುವುದು. ಬಿದ್ದ ಕಸಕ್ಕೂ ಒದ್ದಾಡುವ ಜೀವಕ್ಕೂ ಭೇದವನ್ನು ತಿಳಿಯುವ ಲೆಕ್ಕವಿದು. ಕೆಲವು ಸಲ ಮುಚ್ಚಿ ತೆರೆದ ಮೇಲೆ ಆ ಎಲೆಯ ಕೆಲಸ ಮುಗಿಯಿತು. ಕೇರಿಯ ಮಕ್ಕಳು ಆಟಕ್ಕೆ ಮುಚ್ಚಿಸಿದ ಪ್ರತಿಯೊಂದು ಬಾಯಿಯೂ ಗಿಡದ ಗಂಟಿನಿಂದ ತೆಗೆದ ದುಡ್ಡು. ಇದಲ್ಲದೆ ನೊಣಬಲೆಗೆ ವರ್ಷದಲ್ಲಿ ಮೂರುನಾಲ್ಕು ತಿಂಗಳು ಕೊರೆಯುವ ಚಳಿಯ ನಿದ್ರೆ ಬೇಕು. ಅದರ ತವರಾದ ಕೆರೊಲಿನ ಪ್ರಾಂತಗಳ ಚಳಿ ನಮ್ಮಲ್ಲಿಲ್ಲ. ಆದುದರಿಂದ ಎಲ್ಲ ಉಪಚಾರ ಮಾಡಿದರೂ ಇಲ್ಲಿ ಅದು ಒಂದೆರಡು ವರ್ಷದಲ್ಲಿ ಕೃಶವಾಗುವುದು ಸಹಜ.

ಈ ಗಿಡಗಳನ್ನಿಟ್ಟರೆ ಮನೆಯ ಸೊಳ್ಳೆಗಳು ನಾಶವಾಗುವುವೆಂದು ಮಾರುವವರು ಹೇಳುವುದುಂಟು. ನಂಬಬೇಡಿ. ಒಂದು ಗಿಡವು ಹಿಡಿಯುವ ಕೀಟಗಳು ಬೆರಳೆಣಿಕೆಯವು. ಸೊಳ್ಳೆಪರದೆಯ ಕೆಲಸವನ್ನು ಅದು ಮಾಡಲಾರದು.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ಮಲೆನಾಡಿಗೆ ಪ್ರವಾಸ ಹೋದವರು ಇಬ್ಬನಿಗಿಡವನ್ನೋ ಚೀಲಗಿಡವನ್ನೋ ಕಂಡರೆ ಕಿತ್ತು ತರಬಾರದು. ಆ ನೆಲದ ಜಿನುಗು ನೀರು, ಆ ಹುಳಿ, ಆ ಬಡತನ ಇವನ್ನು ನಾವು ಕರವಸ್ತ್ರದಲ್ಲಿ ಕಟ್ಟಿ ತರಲಾರೆವು. ದಾರಿಯಲ್ಲಿಯೇ ಸಾಯುವ ಒಂದು ಗಿಡದೊಡನೆ ಮುಂದಿನ ವರ್ಷ ಹುಟ್ಟಬೇಕಾಗಿದ್ದ ನೂರಾರು ಬೀಜಗಳೂ ಹೋಗುವುವು.

ಎರಡನೆಯ ಪ್ರಯತ್ನ

ಇಷ್ಟನ್ನು ತಿಳಿದ ಮೇಲೆ ನಾವು ನೊಣಬಲೆಯ ಆಸೆಯನ್ನು ಬಿಟ್ಟೆವು. ಮನೆಯಲ್ಲಿಯೇ ಬೆಳೆಸುವ ಹವ್ಯಾಸಿಗಳೊಬ್ಬರಿಂದ ಡ್ರಾಸೆರ ಬರ್ಮಾನಿಯ ಬೀಜವನ್ನು ತರಿಸಿದೆವು. ಬೀಜವು ನಶ್ಯದ ಪುಡಿಗಿಂತ ನುಣುಪು. ಅದನ್ನು ಮಣ್ಣಿನಿಂದ ಮುಚ್ಚಬಾರದು. ತೇವವಾದ ಮೇಲ್ಮೈಯ ಮೇಲೆ ಉದುರಿಸಿ ಬೆಳಕಿನಲ್ಲಿಡಬೇಕು. ರಾಗಿಯನ್ನು ಬಿತ್ತುವ ಕಾಲದಲ್ಲಿ ನಾವು ಇದನ್ನು ಬಿತ್ತಿದೆವು. ಕೆಲವು ವಾರಗಳಲ್ಲಿ ಸೂಜಿಯ ಮೊನೆಯಷ್ಟು ಹಸುರು ಕಂಡಿತು. ಆ ಮೊನೆಯಲ್ಲಿಯೂ ಭೂತಗನ್ನಡಿಯಿಂದ ನೋಡಿದರೆ ಒಂದೊಂದು ಅಂಟಿನ ಹನಿ ಇದ್ದಿತು.

ಒಂದು ಸಂಜೆ ಗುಡುಗು ಮೊಳಗಿ ಮಳೆಯು ಇಳಿಯಿತು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ತಾಯಿಯವರು ಸೆರಗನ್ನು ತಲೆಗೆ ಹೊದ್ದು, ದೊಡ್ಡ ಕೊಳಗವನ್ನು ಮಾಡಿನ ಧಾರೆಯ ಕೆಳಗಿಡುತ್ತಿದ್ದರು. "ಮೊದಲ ನೀರು ಚೆಲ್ಲಿದ್ದೇನೆ. ಇದು ಅದರ ಪಾಲು" ಎಂದರು. ಬಿಸಿನೀರಿನ ಹಂಡೆಗೆ ಆ ನೀರನ್ನು ಮುಟ್ಟಲು ಯಾರಿಗೂ ಅಪ್ಪಣೆಯಿರಲಿಲ್ಲ.

ಆ ಗಿಡಗಳು ಕಾರ್ತಿಕ ಕಳೆದ ಮೇಲೆ ಬಿಳಿಯ ಹೂ ಬಿಟ್ಟು, ಬೇಸಿಗೆಗೆ ಮುಂಚೆ ಒಣಗಿದವು. ಈ ಸಲ ಅದು ನಮ್ಮ ತಪ್ಪಿನಿಂದ ಬಂದ ಮರಣವಲ್ಲ. ಆಯುಸ್ಸು ತುಂಬಿ ಬಂದುದು. ರಜೆಗೆ ಬಂದ ಹುಡುಗಿಯು ಒಣಗಿದ ಕಾಯಿಗಳನ್ನು ಬಿಳಿಯ ಕಾಗದದ ಮೇಲೆ ತಟ್ಟಿ, ಕಪ್ಪು ಧೂಳಿನಂತೆ ಉದುರಿದ ಬೀಜವನ್ನು ಎರಡು ಪೊಟ್ಟಣ ಕಟ್ಟಿದಳು. ಒಂದನ್ನು ಬೆಂಗಳೂರಿಗೆ ತೆಗೆದುಕೊಂಡು ಹೋದಳು. ಇನ್ನೊಂದು ನಮ್ಮ ದೇವರಮನೆಯ ಗೂಡಿನಲ್ಲಿ, ಬಿತ್ತನೆಯ ರಾಗಿಯ ಪಕ್ಕದಲ್ಲಿದೆ. ಅಲ್ಲಿಟ್ಟವರು ತಾಯಿಯವರೇ.